‘ಇನ್ನೊಂದು ವರ್ಷ’ ಅನ್ನುತ್ತಲೇ ಕಳೆದ 19 ವರ್ಷ

ಮಾನ್ಯ ಸಂಪಾದಕರೇ,

ವಿದೇಶದಿಂದ ಊರಿಗೆ ಮರಳುವವರ ಬಗ್ಗೆ ಪತ್ರಿಕೆಗಳಲ್ಲಿ ಏನಾದರೂ ಬಂದರೆ, ಅದು ಹೆಚ್ಚಾಗಿ ಅಮೆರಿಕದಿಂದ ಬೆಂಗಳೂರಿಗೆ ಬಂದ ಸಾಫ್ಟ್‌ವೇರ್‌ನವರ ಕಥೆ. ಅವರ ಕಷ್ಟ ಅವರಿಗೆ, ಅದನ್ನು ಕಡಿಮೆ ಅನ್ನುವುದಿಲ್ಲ. ಆದರೆ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಮನೆಮನೆಯಿಂದ ಗಲ್ಫ್‌ಗೆ ಹೋದ ನಮ್ಮಂಥವರ ಲೆಕ್ಕವೇ ಬೇರೆ. ಅದನ್ನು ಒಮ್ಮೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವನು. 2007ರಲ್ಲಿ ಸೌದಿಗೆ ಬಂದೆ. ಜುಬೈಲ್‌ನ ಪೆಟ್ರೋಕೆಮಿಕಲ್ ಪ್ಲಾಂಟುಗಳಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್ ಕೆಲಸ. ಈಗ ವಯಸ್ಸು 46. ಇಲ್ಲಿ ನಮಗೆ ಕೆಲಸ ಇರುವವರೆಗೆ ಮಾತ್ರ ಇಕಾಮಾ (ವಾಸದ ಪರವಾನಗಿ), ಇಕಾಮಾ ಇರುವವರೆಗೆ ಮಾತ್ರ ಜಾಗ. 2019ರಿಂದ ದುಡ್ಡು ಕಟ್ಟಿ ಕಾಯಂ ಆಗಿ ಇರಬಹುದಾದ ಒಂದು ಯೋಜನೆ ಇದೆ, ಅದು ನಮ್ಮ ಸಂಬಳದವರಿಗೆ ಎಟುಕುವುದಲ್ಲ. ಹಾಗಾಗಿ ಊರಿಗೆ ಹೋಗಬೇಕೋ ಬೇಡವೋ ಅಂತ ಇಲ್ಲಿ ಯಾರೂ ಕೇಳಿಕೊಳ್ಳುವುದಿಲ್ಲ. ಹೋಗುವುದಂತೂ ಖಂಡಿತ. ಯಾವಾಗ ಅನ್ನುವುದನ್ನು ನಾವೇ ಹೇಳುತ್ತೇವಾ, ಕಂಪನಿ ಹೇಳುವವರೆಗೆ ಕಾಯುತ್ತೇವಾ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಕಾಯುವವರೇ ಜಾಸ್ತಿ. ನಾನೂ ಕಾದೆ. ಮೊದಲು ತಂಗಿಯ ಮದುವೆ ಆಗಲಿ ಅಂದೆ. ಆಮೇಲೆ ಮನೆ ಸಾಲ ತೀರಲಿ. ಅದು ತೀರಿದ ಮೇಲೆ ಮನೆಗೆ ಮಾಳಿಗೆ. ಪ್ರತಿ ಸಲ ‘ಇನ್ನೊಂದು ವರ್ಷ’ ಅಂತಲೇ ಹೇಳಿದ್ದು, ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ, ಆ ಹೊತ್ತಿಗೆ ಅದು ನಿಜವೇ ಆಗಿತ್ತು. ರಜೆಯಲ್ಲಿ ಊರಿಗೆ ಬಂದು ‘ಸಾಕು, ಇಲ್ಲೇ ಇರುತ್ತೇನೆ’ ಅಂದರೆ ಅಮ್ಮನೇ ‘ಇಲ್ಲಿ ಬಂದು ಎಂತ ಮಾಡ್ತೆ ಮಗಾ?’ ಅಂತ ಕೇಳುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

2012ರಲ್ಲಿ ಹೆಂಡತಿ, ಮಗಳನ್ನು ಜುಬೈಲ್‌ಗೆ ಕರೆಸಿಕೊಂಡೆ. ಮಗ ಹುಟ್ಟಿದ ಮೇಲೆ ನಾಲ್ಕು ಜನ ಎರಡು ಕೋಣೆಯ ಮನೆಯಲ್ಲಿ ಚೆನ್ನಾಗಿಯೇ ಇದ್ದೆವು. 2017ರ ಜುಲೈಯಲ್ಲಿ ಸೌದಿ ಸರ್ಕಾರ ಕುಟುಂಬದ ಮೇಲೆ ಶುಲ್ಕ ಹಾಕಿತು. ಒಬ್ಬೊಬ್ಬರಿಗೆ ತಿಂಗಳಿಗೆ 100 ರಿಯಾಲ್, ಪ್ರತಿ ವರ್ಷ 100 ಏರುತ್ತಾ 2020ಕ್ಕೆ 400. ನಮ್ಮ ಮನೆಯಲ್ಲಿ ಮೂವರಿಗೆ ಅಂದರೆ ಕೊನೆಗೆ ತಿಂಗಳಿಗೆ 1,200 ರಿಯಾಲ್ ಆಗುತ್ತಿತ್ತು. ಇಲ್ಲಿನ ಎಷ್ಟೋ ಕುಟುಂಬಗಳು ಆಗಲೇ ಸಾಮಾನು ಮಾರಿ ಊರಿಗೆ ಹೋದವು. ನಮ್ಮವರು ಹೋದದ್ದು 2018ರಲ್ಲಿ. ಗಂಡಸರು ಮತ್ತೆ ರೂಮು ಹಂಚಿಕೊಂಡು ಉಳಿದೆವು. ಅಂದರೆ ನನ್ನ ಕುಟುಂಬ ಆವತ್ತೇ ಊರಿಗೆ ಮರಳಿದೆ. ಇಷ್ಟು ವರ್ಷವಾದರೂ ಮರಳದೆ ಉಳಿದವನು ನಾನೊಬ್ಬನೇ.

ಹೋದ ವರ್ಷದ ರಜೆಯಲ್ಲಿ ಇದು ನನಗೆ ಸರಿಯಾಗಿ ಗೊತ್ತಾಯಿತು. ಪಂಚಾಯತಿ ನೀರು ಯಾವ ದಿನ ಬರುತ್ತದೆ, ತೆಂಗಿನಕಾಯಿ ಕೀಳಲು ಯಾರಿಗೆ ಫೋನ್ ಮಾಡಬೇಕು, ಮಗಳ ಕಾಲೇಜಿನಲ್ಲಿ ಯಾರ ಹತ್ತಿರ ಮಾತಾಡಬೇಕು, ಸೊಸೈಟಿಯ ಸಾಲದ ಕಂತು ಎಷ್ಟು ಉಳಿದಿದೆ, ಎಲ್ಲ ಹೆಂಡತಿಗೆ ಗೊತ್ತು. ನನಗೆ ಒಂದೂ ಗೊತ್ತಿಲ್ಲ. ಮರಳುವ ವಿಷಯ ಎತ್ತಿದಾಗ ಅವಳು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ‘ನೀವು ಬರುವುದು ಬೇಡ ಅಂತಲ್ಲ. ಬಂದ ಮೇಲೆ ಎಲ್ಲವನ್ನೂ ನನ್ನ ಕೈಯಿಂದ ತೆಗೆದುಕೊಳ್ಳಬೇಡಿ.’ ಎಂಟು ವರ್ಷ ಒಬ್ಬಳೇ ಮನೆ ನಡೆಸಿದವಳು ಹೇಳಬೇಕಾದ ಮಾತೇ ಅದು. ಮರಳುವ ಬಗ್ಗೆ ನಾವು ಗಂಡಸರು ರೂಮಿನಲ್ಲಿ ಕೂತು ರಾತ್ರಿಯೆಲ್ಲ ಮಾತಾಡುತ್ತೇವೆ, ಎಫ್‌ಡಿ ಎಷ್ಟಿದೆ, ಹೋಟೆಲ್ ಹಾಕೋಣವಾ, ಗಾಡಿ ತೆಗೆದುಕೊಂಡು ಬಾಡಿಗೆಗೆ ಬಿಡೋಣವಾ ಅಂತ. ಮನೆಯವರನ್ನು ಕೂರಿಸಿಕೊಂಡು ಕೇಳಿದವರು ಬಹಳ ಕಡಿಮೆ.

ಆಮೇಲೆ ನಾವಿಬ್ಬರೂ ಒಂದು ಪ್ರಯತ್ನ ಮಾಡಿದೆವು. ಇದನ್ನು ಬೇರೆಯವರೂ ಮಾಡಿ ನೋಡಲಿ ಅಂತಲೇ ಮುಖ್ಯವಾಗಿ ಈ ಪತ್ರ ಬರೆಯುತ್ತಿರುವುದು. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆ ನನ್ನ ಕೆಲಸಕ್ಕೆ ಎಷ್ಟು ಸಿಗಬಹುದು ಅಂತ ಗೆಳೆಯರ ಹತ್ತಿರ ವಿಚಾರಿಸಿದೆ. ತಿಂಗಳಿಗೆ 35ರಿಂದ 40 ಸಾವಿರ ಅಂದರು. ಜೂನ್‌ನಿಂದ ಆರು ತಿಂಗಳು ಮನೆಖರ್ಚಿಗೆ ಬರೀ 35 ಸಾವಿರ ಕಳಿಸಿದೆ. ಉಳಿದದ್ದನ್ನು ಬೇರೆ ಖಾತೆಗೆ ಹಾಕಿದೆ, ಯಾರೂ ಮುಟ್ಟಬಾರದು ಅಂತ ಮಾತಾಯಿತು. ನಾಲ್ಕು ತಿಂಗಳು ಸರಿಯಾಗಿ ನಡೆಯಿತು. ಎರಡು ತಿಂಗಳು ಸಾಲಲಿಲ್ಲ. ಜೂನ್‌ನಲ್ಲಿ ಮಗನ ಶಾಲೆಯ ಫೀಸು, ಪುಸ್ತಕ, ವ್ಯಾನು ಎಲ್ಲ ಒಟ್ಟಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಬಾವಿಯ ಪಂಪ್ ಸುಟ್ಟುಹೋಯಿತು, ಅದೇ ತಿಂಗಳು ಅಮ್ಮನ ಕಣ್ಣಿನ ಪೊರೆಯ ಆಪರೇಷನ್. ಅಂದರೆ ಮರಳಿದರೆ ನಮಗೆ ಎಲ್ಲಿ ಕಷ್ಟ ಆಗುತ್ತದೆ ಅಂತ ಈಗ ಗೊತ್ತು. 19 ವರ್ಷ ಹೆದರಿದ್ದು ಏನಕ್ಕೆ ಅಂತ ನೋಡಿದರೆ, ಆರರಲ್ಲಿ ಎರಡು ತಿಂಗಳ ಖರ್ಚಿಗೆ. ಅಂಥ ತಿಂಗಳುಗಳಿಗೆ ಅಂತ ಬೇರೆ ಹಣ ಇಟ್ಟರೆ ಆಯಿತು, ಅಲ್ವಾ?

ನಾನು ಹುಡುಕಿ ತಿಳಿದುಕೊಂಡ ಇನ್ನು ಕೆಲವು ವಿಷಯಗಳನ್ನೂ ಹೇಳಿಬಿಡುತ್ತೇನೆ. ಇಲ್ಲಿ ರೂಮಿನಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತು ಥರ ಹೇಳುತ್ತಾರೆ. ಸೌದಿಯ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳ ಸಂಬಳ, ಕೆಲಸ ಬಿಡುವಾಗ ಸರ್ವಿಸ್ ಹಣ ಅಂತ ಸಿಗುತ್ತದೆ. ನಾವೇ ರಾಜೀನಾಮೆ ಕೊಟ್ಟರೆ ಪೂರ್ತಿ ಸಿಗುವುದು ಒಂದೇ ಕಂಪನಿಯಲ್ಲಿ ಹತ್ತು ವರ್ಷ ಆಗಿದ್ದರೆ ಮಾತ್ರ. ನನಗೆ 11 ವರ್ಷ ಆಗಿದೆ, ಎಂಟೂವರೆ ತಿಂಗಳ ಸಂಬಳ ಬರುತ್ತದೆ. ಪಿಂಚಣಿ ಅಂತ ಇಲ್ಲಿ ನಮಗೆ ಏನೂ ಇಲ್ಲ. ಊರಿನಲ್ಲಿ ಅಟಲ್ ಪಿಂಚಣಿ ಯೋಜನೆಗೆ ಸೇರೋಣ ಅಂದರೆ 40 ವರ್ಷ ದಾಟಿದವರಿಗೆ ಅವಕಾಶ ಇಲ್ಲ. ಇದು ನನಗೆ 39ರಲ್ಲಿ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು. ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಈಗಲೂ ಸೇರಬಹುದು, ಸೇರಿದ್ದೇನೆ. ಆರೋಗ್ಯ ವಿಮೆಯನ್ನು ಮರಳಿದ ಮೇಲೆ ಮಾಡಿಸೋಣ ಅಂತ ಬಿಡಬೇಡಿ. ನಮ್ಮಲ್ಲಿ ಶುಗರ್, ಬಿಪಿ ಇಲ್ಲದವರು ಕಡಿಮೆ, ಮೊದಲೇ ಇರುವ ಕಾಯಿಲೆಗೆ ವಿಮೆ ಸಿಗಲು ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಆ ಮೂರು ವರ್ಷ ಇಲ್ಲಿರುವಾಗಲೇ ಕಳೆಯಲಿ. ಹಾಗೆಯೇ, ಹೊರದೇಶದ ದುಡಿಮೆ ಇಡಲು ಅನಿವಾಸಿಗಳು ಊರಿನ ಬ್ಯಾಂಕಿನಲ್ಲಿ ತೆರೆಯುವ ಎನ್‌ಆರ್‌ಇ ಖಾತೆಯನ್ನು ಮರಳಿದ ಮೇಲೆ ಸುಮ್ನೆ ಹಾಗೇ ಇಟ್ಟುಕೊಳ್ಳುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಸಾಮಾನ್ಯ ಖಾತೆ ಮಾಡಿಸಬೇಕು. ಅದರ ಬಡ್ಡಿಗೆ ಇರುವ ತೆರಿಗೆ ವಿನಾಯಿತಿಯೂ ಆಮೇಲೆ ಇರುವುದಿಲ್ಲ.

ಇದನ್ನೆಲ್ಲ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಇನ್ನು ಮೊಬೈಲ್ ನೋಡಲು ಅಷ್ಟಾಗಿ ಬಾರದ ಡ್ರೈವರು, ಮೇಸನ್ನು ಏನು ಮಾಡಬೇಕು? ಪಕ್ಕದ ಕೇರಳದಲ್ಲಿ ಅನಿವಾಸಿಗಳಿಗೆಂದೇ 1996ರಿಂದ ನೋರ್ಕಾ ಇಲಾಖೆ ಇದೆ. ಹೊರದೇಶದಲ್ಲಿ ಕನಿಷ್ಠ ಎರಡು ವರ್ಷ ದುಡಿದು ಮರಳಿದವರಿಗೆ ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಕೊಡಿಸುವ ಯೋಜನೆ ಇದೆ. ಸದಸ್ಯರು ಕಂತು ಕಟ್ಟಿ 60ರ ನಂತರ ಪಿಂಚಣಿ ಪಡೆಯುವ ಕಲ್ಯಾಣ ಮಂಡಳಿಯೂ ಇದೆ. ನನ್ನ ರೂಮಿನಲ್ಲೇ ಇರುವ ಕಾಸರಗೋಡಿನವರೊಬ್ಬರು ಅದಕ್ಕೆ ಪ್ರತಿ ತಿಂಗಳೂ ಕಟ್ಟುತ್ತಾರೆ. ನಮ್ಮ ರಾಜ್ಯದಲ್ಲೂ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಅನಿವಾಸಿ ಭಾರತೀಯ ಸಮಿತಿ ಇದೆ. ಅದು ಬೆಂಗಳೂರಿನಲ್ಲಿ ಇರುವುದರ ಜೊತೆಗೆ ಉಡುಪಿ, ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಮೇಜು ಹಾಕಿ, ಬ್ಯಾಂಕು, ವಿಮೆ, ಕೈಗಾರಿಕಾ ಕೇಂದ್ರದ ವಿಷಯ ತಿಳಿದ ಒಬ್ಬರನ್ನು ಕೂರಿಸಿದರೂ ಸಾಕು. ವಾರಕ್ಕೆ ಎರಡು ದಿನ ಆದರೂ ಸಾಕು. ನಮ್ಮ ಶಾಸಕರು, ಸಂಸದರು ಇದನ್ನು ಕೇಳಬೇಕು. ನಾವು ಅನಿವಾಸಿ ಮತದಾರರಾಗಿ ಹೆಸರು ಸೇರಿಸಿಕೊಂಡರೂ ಊರಿಗೆ ಬಂದೇ ವೋಟು ಹಾಕಬೇಕು, ಅದಕ್ಕೆ ರಜೆ ಸಿಗುವವರು ಎಷ್ಟು ಮಂದಿ? ಆದರೆ ನಮ್ಮ ಮನೆಯವರೆಲ್ಲ ಅಲ್ಲೇ ಇದ್ದಾರೆ, ಅವರೆಲ್ಲ ವೋಟು ಹಾಕುತ್ತಾರೆ.

ನನ್ನ ಮಟ್ಟಿಗೆ ತೀರ್ಮಾನ ಆಗಿದೆ. ಮಗಳ ಎರಡನೇ ಪಿಯುಸಿ, ಸಿಇಟಿ ಮುಗಿಯುವ ಹೊತ್ತಿಗೆ ನನ್ನ ಕಾಂಟ್ರಾಕ್ಟ್ ಕೂಡ ಮುಗಿಯುತ್ತದೆ. ಈ ಸಲ ಮುಂದುವರಿಸುವುದಿಲ್ಲ, ಫೈನಲ್ ಎಕ್ಸಿಟ್ (ಕೆಲಸ ಮುಗಿಸಿ ಸೌದಿ ಬಿಡುವ ವೀಸಾ) ಕೇಳಿದ್ದೇನೆ. ಇನ್ನೆರಡು ವರ್ಷ ಇದ್ದರೆ ಮಗಳ ಇಂಜಿನಿಯರಿಂಗ್ ಫೀಸು ಸುಲಭವಾಗುತ್ತಿತ್ತು, ಅದು ನಿಜ. ಆದರೆ ಮಗ ಈಗ ಏಳನೇ ಕ್ಲಾಸು. ಅವನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನಾನು ಮನೆಯಲ್ಲಿರಬೇಕು.

ಗಲ್ಫ್‌ನಿಂದ ಈಗಾಗಲೇ ಮರಳಿರುವವರು ಇದೇ ಅಂಕಣಕ್ಕೆ ಬರೆಯಲಿ ಅಂತ ಕೇಳಿಕೊಳ್ಳುತ್ತೇನೆ. ಅವರ ಮನೆಯ ಹೆಂಗಸರು ಬರೆದರೆ ಇನ್ನೂ ಒಳ್ಳೆಯದು. ಮೊದಲ ವರ್ಷ ಮನೆಯಲ್ಲಿ ಏನೇನಾಯಿತು, ಯಾವುದಕ್ಕೆ ಜಗಳವಾಯಿತು, ಯಾವಾಗ ಸರಿಹೋಯಿತು ಅಂತ ತಿಳಿಯಬೇಕು. ಜೂನ್‌ನಲ್ಲಿ ನಮ್ಮ ಮನೆಯಲ್ಲೂ ಆ ಮೊದಲ ವರ್ಷ ಶುರುವಾಗುತ್ತದೆ.

ಕುಂದಾಪುರದ ಒಬ್ಬ ಓದುಗ,
ಜುಬೈಲ್, ಸೌದಿ ಅರೇಬಿಯಾ