ಗೈಡ್ ಗೆಳೆಯರೇ, ಇನ್ನೊಂದು ಭಾಷೆ ಕಲಿಯೋಣ

ಬೇಲೂರು-ಹಳೇಬೀಡು ಗುಂಪಿನ ಎಲ್ಲರಿಗೂ ನಮಸ್ಕಾರ. 2023ರಲ್ಲಿ ನಮ್ಮ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಹೊರದೇಶದವರಿಗೆಲ್ಲ ಇಂಗ್ಲಿಷ್ ಸಾಕು ಅಂತ ಸುಮ್ನೆ ಕೂರಬೇಡಿ. ಬೇಲೂರಿನ ದರ್ಪಣ ಸುಂದರಿ ಶಿಲ್ಪದ ಮುಂದೆ ನಿಂತವರಿಗೆ ಅವರದೇ ಭಾಷೆಯಲ್ಲಿ ನಾಲ್ಕು ಮಾತು ಹೇಳಿ ನೋಡಿ. ಮುಖ ಅರಳುತ್ತದೆ, ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ.

ನನ್ನ ಸಲಹೆ ಜಪಾನಿ ಭಾಷೆ. ಕಷ್ಟ ಅಂತ ಹೆದರುವವರೇ ಜಾಸ್ತಿ. ಆದರೆ ಕನ್ನಡದವರಿಗೆ ಅದರ ವಾಕ್ಯ ಬೇಗ ಹಿಡಿಸುತ್ತದೆ. ನಮ್ಮ ಹಾಗೆಯೇ ಕ್ರಿಯಾಪದ ಕೊನೆಗೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ನಂತರ. ಹಿರಗಾನ ಎಂಬ ಅವರ ಮೂಲ ಅಕ್ಷರಗಳೂ ಕ, ಕಿ, ಕು ಅಂತಲೇ ಸಾಗುತ್ತವೆ. ಚೀನಾದಿಂದ ಬಂದ ಕಾಂಜಿ ಅಕ್ಷರಗಳಿಗೆ ಮಾತ್ರ ತಾಳ್ಮೆ ಬೇಕು. ಜಪಾನಿ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಮೊದಲ ಮೆಟ್ಟಿಲು ಎನ್5.

ಫ್ರೆಂಚ್, ಜರ್ಮನ್ ಬೇಕೆನ್ನುವವರೂ ಇದ್ದೀರಿ ಅಲ್ವಾ? ಯಾರಿಗೆ ಯಾವ ಭಾಷೆ, ಭಾನುವಾರದೊಳಗೆ ಇಲ್ಲೇ ತಿಳಿಸಿ. ಒಟ್ಟಿಗೆ ಕೂತು ಶುರು ಮಾಡೋಣ.