ಲಿಂಕನ್ ಸೋಲಿನ ಪಟ್ಟಿಯಲ್ಲಿ ಬಿಟ್ಟುಹೋದದ್ದು

ಸಂಪಾದಕರೇ,

ಅಬ್ರಹಾಂ ಲಿಂಕನ್ ಬಗ್ಗೆ ಎಲ್ಲಿ ಬರೆದರೂ ಅದೇ ಸೋಲಿನ ಪಟ್ಟಿ. ವ್ಯಾಪಾರದಲ್ಲಿ ಸೋತರು, ಚುನಾವಣೆಯಲ್ಲಿ ಸೋತರು, ಮತ್ತೆ ಸೋತರು, ಕೊನೆಗೆ ಅಮೆರಿಕದ ಅಧ್ಯಕ್ಷರಾದರು. ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದರೆ ಹರಿದಾಡಲಿ, ಪತ್ರಿಕೆಗಳೂ ಅದನ್ನೇ ಹಾಕಿದರೆ ಬೇಜಾರಾಗುತ್ತದೆ.

ಅಂಗಡಿಯ ವಿಷಯವನ್ನೇ ನೋಡಿ. ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಪುಟ್ಟ ಊರಿನಲ್ಲಿ ಲಿಂಕನ್ ಮೊದಲು ಬೇರೆಯವರ ಅಂಗಡಿಯಲ್ಲಿ ಗುಮಾಸ್ತ, ಆಮೇಲೆ ವಿಲಿಯಂ ಬೆರಿ ಜೊತೆ ಪಾಲಿನಲ್ಲಿ ಸ್ವಂತ ಅಂಗಡಿ. ಕೈಯಲ್ಲಿ ಕಾಸಿರಲಿಲ್ಲ, ಸಾಲಪತ್ರ ಬರೆದುಕೊಟ್ಟು ಸರಕು ತೆಗೆದುಕೊಂಡರು. ಊರೇ ಬೆಳೆಯದಿದ್ದಾಗ ಅಂಗಡಿ ಹೇಗೆ ಬೆಳೆದೀತು? ಅದು ಮುಚ್ಚಿತು, 1835ರಲ್ಲಿ ಬೆರಿ ತೀರಿಕೊಂಡರು, ಸುಮಾರು 1,100 ಡಾಲರ್ ಸಾಲ ಪೂರ್ತಿ ಲಿಂಕನ್ ತಲೆಗೆ ಬಂತು. ಸಾಲ ಕೊಟ್ಟವರು ಕೋರ್ಟಿಗೆ ಹೋದರು. ಲಿಂಕನ್ ಅವರ ಕುದುರೆ ಹರಾಜಿಗೆ ಬಂತು, ಜಮೀನು ಅಳೆಯುವ ಸಲಕರಣೆಗಳೂ ಬಂದವು. ಆಗ ಸರ್ವೇ ಕೆಲಸದಿಂದಲೇ ಅವರ ಹೊಟ್ಟೆ ತುಂಬುತ್ತಿದ್ದದ್ದು. ಜೇಮ್ಸ್ ಶಾರ್ಟ್ ಎಂಬ ಗೆಳೆಯ ಅವನ್ನು ಹರಾಜಿನಲ್ಲಿ ತಾನೇ ಕೂಗಿ ಕೊಂಡು ವಾಪಸ್ ಕೊಟ್ಟುಬಿಟ್ಟ! ಸಾಲ ಮಾಡಿ ರಾತ್ರೋರಾತ್ರಿ ಪಶ್ಚಿಮಕ್ಕೆ ಹೊರಟುಹೋಗುವವರು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ಲಿಂಕನ್ ಹೋಗಲಿಲ್ಲ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತೀರಿಸಿದರು.

ಇನ್ನು 1832ರ ಇಲಿನಾಯ್ ಶಾಸನಸಭೆ ಚುನಾವಣೆ. ಹದಿಮೂರು ಜನರಲ್ಲಿ ಎಂಟನೆಯವರಾಗಿ ಸೋತದ್ದು ನಿಜ. ಆದರೆ ಅವರನ್ನು ದಿನಾ ನೋಡುತ್ತಿದ್ದ ನ್ಯೂ ಸೇಲಂ ಮತಗಟ್ಟೆಯಲ್ಲಿ 300ರಲ್ಲಿ 277 ಮತ ಅವರಿಗೇ ಬಿತ್ತು. ಆಗ ಗುಟ್ಟಿನ ಮತದಾನ ಇರಲಿಲ್ಲ, ಎಲ್ಲರೆದುರು ಬಾಯಿಬಿಟ್ಟು ಹೆಸರು ಹೇಳಬೇಕಿತ್ತು. ಇದನ್ನು ಸುಮ್ನೆ ಸೋಲು ಅಂತ ಬರೆದು ಮುಗಿಸಿದರೆ ಹೇಗೆ?

ಎರಡೇ ವರ್ಷಕ್ಕೆ, 1834ರಲ್ಲಿ, ಗೆದ್ದರು. ಕೋಲ್ಮನ್ ಸ್ಮೂಟ್ ಎಂಬುವರಲ್ಲಿ 200 ಡಾಲರ್ ಕೈಸಾಲ ಮಾಡಿ, ಅದರಲ್ಲಿ ಒಂದು ಸೂಟ್ ಹೊಲಿಸಿಕೊಂಡು, ರಾಜ್ಯದ ಆಗಿನ ರಾಜಧಾನಿ ವಂಡೇಲಿಯಾಗೆ ಶಾಸಕರಾಗಿ ಹೋದರು. ಸತತ ನಾಲ್ಕು ಸಲ ಗೆದ್ದರು. ಹಲವು ಪಟ್ಟಿಗಳಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 1837. ಗುಲಾಮಗಿರಿ ನಿಲ್ಲಿಸಿ ಅನ್ನುವವರನ್ನು ಖಂಡಿಸುವ ನಿರ್ಣಯ ಸದನದಲ್ಲಿ 77 ಮತಗಳಿಂದ ಪಾಸಾಯಿತು. ವಿರುದ್ಧ ಬಿದ್ದದ್ದು ಆರೇ ಮತ, ಅದರಲ್ಲಿ ಒಂದು ಲಿಂಕನ್ ಅವರದು. ಮಾರ್ಚ್ 3ರಂದು ಇನ್ನೊಬ್ಬ ಶಾಸಕ ಡ್ಯಾನ್ ಸ್ಟೋನ್ ಜೊತೆ ಸೇರಿ, ಗುಲಾಮಗಿರಿ ಅನ್ಯಾಯದ ಮೇಲೆ ನಿಂತಿದೆ ಅಂತ ಸದನದ ದಾಖಲೆಗೇ ಬರೆಸಿದರು. ಅದನ್ನು ನಿಲ್ಲಿಸಿ ಅನ್ನುವ ಚಳವಳಿಗಾರರ ಪ್ರಚಾರದಿಂದ ಅದರ ಕೆಡುಕು ಇನ್ನೂ ಹೆಚ್ಚುತ್ತದೆ ಅಂತಲೂ ಅದರಲ್ಲೇ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ 28 ವರ್ಷದ ಶಾಸಕ, ಇನ್ನೂ ಅಂಗಡಿ ಸಾಲ ತೀರಿಸುತ್ತಿದ್ದವರು, ಮತದಾರರಿಗೆ ಹಿಡಿಸದ ಮಾತನ್ನು ಸಹಿ ಹಾಕಿ ಹೇಳಿದ್ದು ದೊಡ್ಡದೇ ಅಲ್ವಾ?

ಮುಂದಿನ ಸಲ ಮಕ್ಕಳ ಪುಟದಲ್ಲಿ ಲಿಂಕನ್ ಬಂದಾಗ ಈ ಶಾಸಕ ಲಿಂಕನ್‌ಗೂ ಎರಡು ಪ್ಯಾರಾ ಜಾಗ ಕೊಡಿ.

— ನಿಮ್ಮ ಓದುಗ