ತಟ್ಟಿದರೆ ಸೋರಿಕೆ ನಿಲ್ಲುತ್ತೆ, ರಿಪೇರಿ ಆಗಲ್ಲ

ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಬೈಕ್ ಟಿಪ್ಸ್ ಓದಿದೆ. ಕಾರ್ಬುರೇಟರ್ ಓವರ್‌ಫ್ಲೋ ಆದರೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಎರಡು ಏಟು ತಟ್ಟಿ ಅಂತ ಇತ್ತು. ಹಳೇ ಬೈಕಿಗೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ಇದೇ ಬುದ್ಧಿಯನ್ನು ವಿಮಾನದ ಮೇಲೆ ತೋರಿಸಿದವರನ್ನೂ ಕಂಡಿದ್ದೇನೆ, ಅದಕ್ಕೇ ಈ ಪತ್ರ.

ಹಾಸನಕ್ಕೆ ವಾಪಸ್ ಬರುವ ಮೊದಲು ಬೆಂಗಳೂರು ಕಡೆ ಸಣ್ಣ ವಿಮಾನಗಳ ಮೆಕ್ಯಾನಿಕ್ ಆಗಿದ್ದೆ. ಅಲ್ಲಿ ಎರಡು ಸೀಟಿನದೊಂದು ಇತ್ತು. ರೋಟ್ಯಾಕ್ಸ್ 912 ಎಂಜಿನ್, ಅದಕ್ಕೆ ಎರಡು ಬಿಂಗ್ ಕಾರ್ಬುರೇಟರ್. ಸೋರಿದ ಪೆಟ್ರೋಲ್ ಬಿಸಿ ಸೈಲೆನ್ಸರ್ ಮೇಲೆ ಬೀಳದಿರಲಿ ಅಂತ ಕಾರ್ಬುರೇಟರ್ ಕೆಳಗೆ ಒಂದು ತಟ್ಟೆ ಇರುತ್ತದೆ. ಎಡಗಡೆ ತಟ್ಟೆ ದಿನಾ ಬೆಳಗ್ಗೆ ಒದ್ದೆ. ಶೆಡ್ಡಿನ ಹುಡುಗ ಕಾರ್ಬುರೇಟರ್ ತಟ್ಟುತ್ತಿದ್ದ, ಸೋರಿಕೆ ನಿಲ್ಲುತ್ತಿತ್ತು, ಪೈಲಟ್ ಹಾರಿಸಿಕೊಂಡು ಹೋಗುತ್ತಿದ್ದರು. ಮರುದಿನ ಮತ್ತೆ ಅದೇ ಕಥೆ.

ಎಂಜಿನ್ ಆಫ್ ಮಾಡಿ, ಬರೀ ಪಂಪ್ ಹಾಕಿ, ಟಾರ್ಚ್ ಹಿಡಿದು ಕೂತೆ. ಎಲ್ಲಿಂದ ತೊಟ್ಟಿಕ್ಕುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ಬೌಲಿನ, ಅಂದರೆ ಕಾರ್ಬುರೇಟರ್ ಕೆಳಗಿನ ಪೆಟ್ರೋಲ್ ಬಟ್ಟಲಿನ, ಸಂದಿಯಲ್ಲಿ ಒಸರಿದರೆ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ನೋಡಬೇಕು. ಬೌಲಿನೊಳಗೆ ತೇಲುವ ಫ್ಲೋಟ್, ಪೆಟ್ರೋಲ್ ತುಂಬಿದಾಗ ಮೇಲೆದ್ದು ನೀಡಲ್ ಅನ್ನೋ ಸೂಜಿಯನ್ನು ಅದರ ಸೀಟಿಗೆ ಒತ್ತಿ ಪೆಟ್ರೋಲ್ ಬರೋದನ್ನು ನಿಲ್ಲಿಸುತ್ತೆ. ಬೌಲಿಗೆ ಗಾಳಿ ಆಡುವ ವೆಂಟ್ ಪೈಪಿನಿಂದ ಬಂದರೆ ಒಳಗೆ ಪೆಟ್ರೋಲ್ ಮಟ್ಟ ಏರಿದೆ ಅಂತ ಲೆಕ್ಕ, ಅಂದರೆ ನೀಡಲ್ ಸೀಟಿನಲ್ಲಿ ಕಸ ಕೂತಿರಬೇಕು, ಇಲ್ಲ ನೀಡಲ್ ಸವೆದಿರಬೇಕು, ಇಲ್ಲ ಪಂಪಿನ ಒತ್ತಡ ಜಾಸ್ತಿ ಇರಬೇಕು, ಇಲ್ಲ ಫ್ಲೋಟ್ ಮುಳುಗಿರಬೇಕು. ನಮ್ಮದು ವೆಂಟ್‌ನಿಂದಲೇ ಬರುತ್ತಿತ್ತು. ತಟ್ಟಿದರೆ ಕಸ ಜಾರಬಹುದು, ಅಂಟಿಕೊಂಡ ನೀಡಲ್ ಬಿಡಬಹುದು, ಅಷ್ಟೇ.

ತಂತಿ ಕ್ಲಿಪ್ ಸರಿಸಿ ಬೌಲ್ ಇಳಿಸಿದೆ. ಒಳಗೆ ಎರಡು ಪುಟ್ಟ ಫ್ಲೋಟ್. ಕಂಪನಿ ಲೆಕ್ಕದಲ್ಲಿ ಜೋಡಿ 7 ಗ್ರಾಂ ಮೀರಬಾರದು. ನಮ್ಮ ಶೆಡ್ಡಿನ ತಕ್ಕಡಿಗೆ ಗ್ರಾಂ ಎಲ್ಲಿ ಗೊತ್ತಾಗಬೇಕು! ಅವತ್ತು ಶನಿವಾರ, ಹೇಗೂ ಊರಿಗೆ ಹೊರಟಿದ್ದೆ, ಜೇಬಿಗೆ ಹಾಕಿಕೊಂಡು ಬಂದು ಹಾಸನದ ಚಿನ್ನದಂಗಡಿಯಲ್ಲಿ ತೂಗಿಸಿದೆ. ‘ಇದೇನ್ ಸಾರ್, ಪೆಟ್ರೋಲ್ ವಾಸನೆ’ ಅಂತ ಮೂಗು ಮುಚ್ಚಿಕೊಂಡೇ ತೂಗಿದರು ಪುಣ್ಯಾತ್ಮರು. 8 ಗ್ರಾಂ ದಾಟಿತ್ತು. ಪೆಟ್ರೋಲ್ ಕುಡಿದು ಭಾರವಾದ ಫ್ಲೋಟ್ ನೀಡಲನ್ನು ಮೇಲೆತ್ತಿ ಮುಚ್ಚೋದಾದರೂ ಹೇಗೆ? ಹೊಸ ಜೋಡಿ ಹಾಕಿದ ಮೇಲೆ ತಟ್ಟೆ ಒಣಗಿತು.

ಇನ್ನೊಂದು ವಿಷಯ. ಈ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಕಂಪನಿ ಒಪ್ಪಿರುವ ಎಥನಾಲ್ ಶೇ 10ರವರೆಗೆ ಮಾತ್ರ. ಈಗ ಬಂಕ್‌ಗಳಲ್ಲಿ ಸಿಗುತ್ತಿರೋದು ಶೇ 20ರದ್ದು. ಕ್ಯಾನ್ ಹಿಡಿದು ಬಂಕಿಗೆ ಓಡುವ ಮೊದಲು ಇದು ನೆನಪಿರಲಿ.

ಇಲ್ಲೇ ಹಾಸನದ ಭುವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಶುರುವಾದಾಗಿನಿಂದ ನಮ್ಮ ಬೀದಿಯ ಐಟಿಐ ಹುಡುಗರು ವಿಮಾನದ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರೂ ನಿಮ್ಮ ಟಿಪ್ಸ್ ಓದುತ್ತಾರಲ್ವಾ? ಮುಂದಿನ ಸಲ ಒಂದು ಸಾಲು ಸೇರಿಸಿಬಿಡಿ: ತಟ್ಟಿದ ಮೇಲೂ ಮರುದಿನ ಸೋರಿದರೆ ಬೌಲ್ ಬಿಚ್ಚಿ ನೋಡಿ ಅಂತ.

– ನಿವೃತ್ತ ಮೆಕ್ಯಾನಿಕ್, ಹಾಸನ